ಇಪ್ಪತ್ತೊಂಬತ್ತು ಇಂಚಿನ ತಿರುವು

ಮಾರ್ಚ್ 3, ಸೋಮವಾರ

ಹನ್ನೆರಡನೆಯ ಮನೆಯನ್ನೂ ಬೇಡ ಅಂದೆ. ದಲ್ಲಾಳಿ ಇವತ್ತು ನನ್ನನ್ನು ಬಿಟ್ಟು ಇವಳ ಕಡೆ ತಿರುಗಿ ಮಾತಾಡಿದ. "ಅಮ್ಮಾ, ಸಾಹೇಬ್ರು ಮನೆ ತಗೊಳ್ಳೋಕೆ ಬಂದಿದ್ದಾರೋ, ಹೆಣ ಎತ್ತೋಕೆ ಬಂದಿದ್ದಾರೋ?" ಇವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕಟ್ಟಿಕೊಂಡ ಹೆಂಡತಿಯೇ ನಕ್ಕ ಮೇಲೆ ದಲ್ಲಾಳಿಗೆ ಏನು ಹೇಳುವುದು?

ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಮೂವತ್ತೊಂದು ವರ್ಷ ಆಂಬುಲೆನ್ಸಿನಲ್ಲಿ ಸ್ಟ್ರೆಚರ್ ಹೊತ್ತು ಡಿಸೆಂಬರಿನಲ್ಲಿ ನಿವೃತ್ತನಾದವನು ನಾನು. ಬೇರೆಯವರು ಮನೆ ನೋಡುವಾಗ ಗಾಳಿ, ಬೆಳಕು, ನೀರು ನೋಡುತ್ತಾರೆ. ನಾನು ಹೊಸ್ತಿಲು ದಾಟುತ್ತಲೇ ಇಲ್ಲಿಂದ ಒಬ್ಬರನ್ನು ಮಲಗಿಸಿಕೊಂಡು ಹೊರಗೆ ತರುವುದು ಹೇಗೆ ಎಂದು ನೋಡುತ್ತೇನೆ. ಇವತ್ತಿನ ಮನೆಯಲ್ಲಿ ಹಿಂದಿನ ಕೋಣೆಗೆ ಹೋಗಬೇಕಾದರೆ ಮುಂದಿನ ಬಾಡಿಗೆದಾರರ ಅಡುಗೆಮನೆ ದಾಟಬೇಕು. ಹೋದ ವಾರದ್ದಕ್ಕೆ ಬಾಗಿಲ ಎದುರೇ ನೀರಿನ ತೊಟ್ಟಿ. ಅದರ ಹಿಂದಿನ ವಾರದ್ದಕ್ಕೆ ಓಣಿ ಎಷ್ಟು ಕಿರಿದೆಂದರೆ ನನ್ನ ಮೈದುನ ಅಡ್ಡಡ್ಡವಾಗಿ ನಡೆದ.

ಮೈದುನ ಅಂದರೆ ಇವಳ ತಮ್ಮ, ಬಣ್ಣದಂಗಡಿ ಇಟ್ಟವನು. ಕೊಳ್ಳುವುದರಲ್ಲಿ ಅವನದೂ ಅರ್ಧ ಪಾಲು. ನಮ್ಮ ಅರ್ಧ ಎಂದರೆ ನನ್ನ ನಿವೃತ್ತಿಯ ಗಂಟು, ಅಷ್ಟೂ. ಮಕ್ಕಳಿಲ್ಲದ ನಮಗೆ ಕೊಂಡ ಮನೆಯಿಂದ ಬರುವ ಬಾಡಿಗೆಯೇ ಮುಂದಿನ ಅನ್ನ. ತಪ್ಪು ಮನೆ ಕೊಂಡರೆ ಇನ್ನೊಂದು ಗಂಟಿಲ್ಲ.

ಮಾರ್ಚ್ 5, ಬುಧವಾರ

ಹದಿಮೂರನೆಯದನ್ನು ನೋಡಿದೆವು. ನೆಲಮಟ್ಟದಲ್ಲಿ ಒಂದು ಮನೆ, ಬೀದಿ ಕಡೆಗೆ ಶಟರ್ ಹಾಕಿದ ಖಾಲಿ ಮಳಿಗೆ. ಮೊದಲ ಮಹಡಿಯಲ್ಲಿ ಒಂದು ಮನೆ, ಎರಡನೆಯದರಲ್ಲಿ ಇನ್ನೊಂದು. ಇವುಗಳ ಜೊತೆಗೆ, ಯಾರಿಗೂ ಹೊಳೆಯದ ಒಂದು ಕೋಣೆ. ಕಟ್ಟುವಾಗ ಎರಡು ಮೆಟ್ಟಿಲ ಸಾಲು ಇದ್ದವಂತೆ. ಹಿಂದಿನದು ಅಗಲವಾದದ್ದು. ಈಗಿನ ಮಾಲೀಕರು ಮೊದಲ ಮಹಡಿಯ ಮಟ್ಟದಲ್ಲಿ ಅದರ ಮೇಲೆ ಹಲಗೆ ಹಾಸಿ, ಸುತ್ತ ಗೋಡೆ ಎಬ್ಬಿಸಿ, ಒಂದು ಕೋಣೆ ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ಒಬ್ಬಾಕೆ ಅಲ್ಲೇ ಇದ್ದುಕೊಂಡು ಪರದೆ, ದಿಂಬಿನ ಚೀಲ ಹೊಲಿಯುತ್ತಾಳೆ.

"ನೋಡಿ ಸಾರ್, ಒಂದಿಂಚು ಜಾಗ ಸುಮ್ನೆ ಕೂತಿಲ್ಲ. ಎಲ್ಲಾ ದುಡೀತಿದೆ," ಅಂದ ದಲ್ಲಾಳಿ. ಮೈದುನನ ಕಣ್ಣು ಅರಳಿತು. ಪ್ರತಿ ಮನೆಗೂ ಬೇರೆ ಬಾಗಿಲು, ಬೇರೆ ಮೀಟರು. ಒಬ್ಬರು ಬಿಟ್ಟುಹೋದರೂ ಉಳಿದವರ ಬಾಡಿಗೆ ನಿಲ್ಲುವುದಿಲ್ಲ. ಶಟರಿನ ಮಳಿಗೆ ಅವನ ಡಬ್ಬಿಗಳಿಗೆ ಗೋದಾಮು. ನನಗೂ ಬಾಯಲ್ಲಿ ನೀರೂರಿತು, ಸುಳ್ಳೇಕೆ ಹೇಳಲಿ.

ಆಮೇಲೆ ಮುಂದಿನ ಮೆಟ್ಟಿಲು ಹತ್ತಿದೆವು. ಮೊದಲ ಮತ್ತು ಎರಡನೆಯ ಮಹಡಿಯ ನಡುವೆ ಮೆಟ್ಟಿಲು ಸುತ್ತಿಕೊಂಡು ತಿರುಗುತ್ತದೆ. ಟೇಪು ತೆಗೆದೆ. ಗೋಡೆಯಿಂದ ಕೈಗೋಡೆಗೆ ಇಪ್ಪತ್ತೊಂಬತ್ತು ಇಂಚು. ರೋಗಿಯನ್ನು ಕೂರಿಸಿ ಹೊರುವ ಕುರ್ಚಿ ತಿರುಗಲು ಮೂವತ್ತೆರಡು ಬೇಕು. ಮಲಗಿಸುವ ಸ್ಟ್ರೆಚರಿನ ಮಾತೇ ಬೇಡ.

ಮೇಲಿನ ಮನೆಯಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಒಬ್ಬರೇ ಇದ್ದಾರೆ. ಎಪ್ಪತ್ತು ದಾಟಿದೆ, ತೂಕ ತೊಂಬತ್ತಕ್ಕೆ ಕಡಿಮೆಯಿಲ್ಲ. ಅವರು ಕೈಮುಗಿದಾಗ ನಾನು ಅವರ ತೂಕ ಅಂದಾಜು ಮಾಡುತ್ತಿದ್ದೆ.

ಇವಳು ಮೆಟ್ಟಿಲಲ್ಲಿ ಎರಡು ಕಡೆ ನಿಂತು ಕಿಟಕಿಯಿಂದ ಬೀದಿ ನೋಡಿದಳು. ಎಲ್ಲಿ ಹೋದರೂ ಇವಳಿಗೆ ಬೀದಿ ನೋಡುವ ಚಟ.

ಮಾರ್ಚ್ 8, ಶನಿವಾರ

ಆಗುವುದಿಲ್ಲ ಎಂದು ಹೇಳಿಬಿಡಬೇಕು.

ನಾನು ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ, ಹಳದಿ ಗೋಡೆಯ ಒಂದು ಮನೆ. ಮೂರನೆಯ ಮಹಡಿ. ತಿರುವಿನಲ್ಲಿ ಸ್ಟ್ರೆಚರ್ ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಆ ಮನುಷ್ಯನ ಹೆಂಡತಿ ಮೇಲಿನಿಂದ ಕೇಳುತ್ತಲೇ ಇದ್ದರು: "ಮಂಚ ಒಳಗೆ ಬಂತಲ್ಲಪ್ಪಾ, ಇವರು ಹೊರಗೆ ಯಾಕೆ ಹೋಗಲ್ಲ?" ಮಂಚ ಬಿಡಿಬಿಡಿಯಾಗಿ ಬಂದಿರುತ್ತದೆ. ಅದನ್ನು ಆಕೆಗೆ ಹೇಳುವುದು ಹೇಗೆ? ಕೆಳಗೆ ಇಳಿಸುವಷ್ಟರಲ್ಲಿ ಮುಗಿದಿತ್ತು.

ಅಂದಿನಿಂದ ನಾನೊಂದು ನಿಯಮ ಮಾಡಿಕೊಂಡೆ. ನಾನು ಯಾವಾಗಲೂ ಕಾಲಿನ ಕಡೆ ಹಿಡಿಯುವವನು, ಹಿಮ್ಮುಖವಾಗಿ ಇಳಿಯುವವನು. ರೋಗಿಯ ಮುಖ ನೇರ ನನ್ನೆದುರಿಗೆ. ಅದನ್ನು ನೋಡುವುದಿಲ್ಲ. ಗೋಡೆ ನೋಡುತ್ತೇನೆ, ಮೆಟ್ಟಿಲು ನೋಡುತ್ತೇನೆ. ತಲೆಯ ಕಡೆ ಹಿಡಿಯುವ ಜೊತೆಗಾರ ಉಸಿರು ನೋಡಿಕೊಳ್ಳುತ್ತಾನೆ. ಇಪ್ಪತ್ತು ವರ್ಷ ಆ ಜೊತೆಗಾರ ಕಂಬ. ಎತ್ತರಕ್ಕೆ ಬಿದ್ದ ಹೆಸರು. ಅವನಿಗೆ ಮುಖ, ನನಗೆ ಗೋಡೆ. ಒಂದು ದಿನವೂ ಜಗಳವಾಡಲಿಲ್ಲ.

ಮಾರ್ಚ್ 9, ಭಾನುವಾರ

ಹೇಳಲಿಲ್ಲ. ಮೈದುನ ಬಂದಿದ್ದ.

"ಭಾವ, ನೀವು ಹೇಳೋ ಹಾಗೆ ನೋಡಿದ್ರೆ ಆಸ್ಪತ್ರೇನೇ ಕೊಂಡ್ಕೋಬೇಕು," ಅಂದ.

"ಹಿಂದಿನ ಮೆಟ್ಟಿಲು ತೆರೆದರೆ ಒಪ್ಪಿಗೆ," ಅಂದೆ.

"ತೆರೆದ್ರೆ ಒಂದು ಬಾಡಿಗೆ ಹೋಯ್ತು. ಆ ಕೋಣೆ ಇದೆ ಅಂತಾನೇ ಈ ಮನೆ ಲಾಭ. ಇಲ್ಲದಿದ್ರೆ ಬೇರೆ ಹನ್ನೆರಡರ ಹಾಗೆ ಇದೂ ಒಂದು. ಆಕೇನ ಬೀದಿಗೆ ಹಾಕ್ತೀರಾ?"

ಇವಳು ನಡುವೆ ಬಂದು, "ಅವರಿಗೆ ಎರಡು ದಿನ ಕೊಡೋ," ಅಂದಳು. ಇವಳಿಗೆ ಹಲ್ಲು ನೋವಂತೆ, ಎಡಗಡೆ ಕೆಳದವಡೆ. ಲವಂಗ ಕೊಟ್ಟೆ.

ಮಾರ್ಚ್ 12, ಬುಧವಾರ

ಒಬ್ಬನೇ ಹೋಗಿ ಇನ್ನೊಮ್ಮೆ ಅಳೆದೆ. ತಿರುವಿನಲ್ಲಿ ಗಾರೆ ಒಂದಿಷ್ಟು ಉದುರಿದೆ. ಆ ಜಾಗದಲ್ಲಿ ಹಿಡಿದರೆ ಇಪ್ಪತ್ತೊಂಬತ್ತೂವರೆ, ಇನ್ನೂ ಸ್ವಲ್ಪ ಒತ್ತಿ ಹಿಡಿದರೆ ಮೂವತ್ತು.

ಮೇಷ್ಟ್ರು ಚೀಲ ಹಿಡಿದು ಮೇಲೆ ಹತ್ತುತ್ತಿದ್ದರು. ಒಂದು ಕಡೆಯೂ ನಿಲ್ಲಲಿಲ್ಲ. "ದಿನಕ್ಕೆ ನಾಲ್ಕು ಸಲ ಹತ್ತಿ ಇಳೀತೀನಿ, ಅದಕ್ಕೇ ಗಟ್ಟಿಯಾಗಿದೀನಿ," ಎಂದು ಎದೆ ತಟ್ಟಿಕೊಂಡರು. ನಿಜವೇ. ಇಪ್ಪತ್ತೆರಡು ವರ್ಷದಿಂದ ಅಲ್ಲಿದ್ದಾರೆ. ಇಷ್ಟು ವರ್ಷ ಬೇಕಾಗದ ಕುರ್ಚಿ ನಾವು ಕೊಂಡ ಮರುದಿನವೇ ಬೇಕಾಗುತ್ತದೆ ಅಂತ ಯಾಕೆ ಅಂದುಕೊಳ್ಳಬೇಕು?

ಹೊಲಿಗೆಯಾಕೆ ಬಾಗಿಲಲ್ಲಿ ನಿಂತು ಕೇಳಿದಳು. "ಅಣ್ಣಾ, ನೀವೇನಾ ತಗೊಳ್ಳೋರು? ನನ್ನ ಬಿಡಿಸಲ್ಲ ಅಲ್ವಾ?"

"ಇಲ್ಲಮ್ಮ," ಅಂದುಬಿಟ್ಟೆ. ನಾಲಿಗೆ ತಾನಾಗಿಯೇ ಹೇಳಿತು. ಹೊರಬರುವಾಗ ಆಕೆಯ ಕೋಣೆಯ ನೆಲದ ಮೇಲೆ ಕಾಲು ಬಿತ್ತು. ಟೊಳ್ಳು ಸದ್ದು. ಕೆಳಗೆ ಆ ಅಗಲದ ಮೆಟ್ಟಿಲು ಕತ್ತಲೆಯಲ್ಲಿ ಹಾಗೆಯೇ ಇದೆ.

ಮಾರ್ಚ್ 15, ಶನಿವಾರ

ಬೇರೆ ಗಿರಾಕಿ ಬಂದಿದ್ದಾರಂತೆ. ದಲ್ಲಾಳಿಯ ಮಾಮೂಲಿ ನಾಟಕ ಇರಬಹುದು. ಮೊದಲು ಕೊಂಡುಬಿಡುತ್ತೇನೋ ಎಂಬ ಭಯ, ಈಗ ಕೈತಪ್ಪಿಹೋಗುತ್ತದೋ ಎಂಬ ಭಯ. ಭಯಕ್ಕೆ ಬೇರೆ ಕೆಲಸವಿಲ್ಲ.

ಯೋಚಿಸಿ ಒಂದು ದಾರಿ ಕಂಡೆ. ಮೇಲಿನ ಮನೆಯನ್ನು ವಯಸ್ಸಿನ ಹುಡುಗರಿಗೆ ಮಾತ್ರ ಕೊಡುವುದು. ಬರುವಾಗಲೇ ವಯಸ್ಸು, ಕಾಯಿಲೆ ಕೇಳಿ ಬರೆದುಕೊಳ್ಳುವುದು. ಮೇಷ್ಟ್ರಿಗೆ ಒಂದು ವರ್ಷ ಗಡುವು ಕೊಟ್ಟು, ನಯವಾಗಿ ಬೇರೆ ಕಡೆ ನೋಡಿಕೊಳ್ಳಿ ಎನ್ನುವುದು. ಅವರ ಒಳ್ಳೆಯದಕ್ಕೇ.

ಇವಳಿಗೆ ಹೇಳಿದೆ. "ನೀವು ಇಂಥೋರಾಗಿರಲಿಲ್ಲ," ಅಂದಳು. ಸಂತೆಯಿಂದ ಬಂದು ಸುಸ್ತಾಗಿದ್ದಳು. ಚೀಲ ಹಿಡಿದ ಎಡಗೈ ಜೋಮು ಹಿಡಿದಿದೆ ಎಂದು ತಿಕ್ಕಿಕೊಳ್ಳುತ್ತಿದ್ದಳು. ಸುಸ್ತಿನಲ್ಲಿ ಆಡಿದ ಮಾತು.

ಮಾರ್ಚ್ 19, ಬುಧವಾರ

ಮತ್ತೆ ಹೋಗಿದ್ದೆ. ಮೂವತ್ತೊಂದರ ಹತ್ತಿರ ಬರುತ್ತದೆ. ಕೈಗೋಡೆಯ ಮೇಲೆ ಕುರ್ಚಿಯನ್ನು ಅರ್ಧ ಎತ್ತಿಕೊಂಡರೆ ಮೂವತ್ತೆರಡು ಎಂದೇ ಇಟ್ಟುಕೊಳ್ಳಬಹುದು.

ಸೋಮವಾರ ಮುಂಗಡ ಕೊಡುವುದೆಂದು ಮೈದುನ ಮಾಲೀಕರಿಗೆ ಮಾತು ಕೊಟ್ಟ. ನಾನು ತಲೆಯಾಡಿಸಿದೆ.

ಮಾರ್ಚ್ 20, ಗುರುವಾರ

ತಲೆಯಾಡಿಸಿದವನಿಗೆ ನಿದ್ದೆ ಇಲ್ಲ.

ಒಂದೇ ದಾರಿ, ಕುರ್ಚಿ ತಂದು ಇಳಿಸಿ ನೋಡಿಬಿಡುವುದು. ಇಳಿದರೆ ಇಳಿಯಿತು. ಆಮೇಲೆ ನನ್ನ ಬಾಯಿ ಯಾವತ್ತೂ ತೆರೆಯುವುದಿಲ್ಲ. ಕಂಬನಿಗೆ ಫೋನು ಮಾಡಿದೆ. ಅವನಿಗಿನ್ನೂ ಎರಡು ವರ್ಷ ಸರ್ವೀಸಿದೆ. "ಶನಿವಾರ ರಜೆ ಅಣ್ಣ, ಹಳೇ ಕುರ್ಚಿ ಒಂದಿದೆ, ತರ್ತೀನಿ. ಕೂರೋದು ಯಾರು?" ಅಂದ.

ಮೈದುನ ಕೂತರೆ ನಮ್ಮಿಬ್ಬರ ಸೊಂಟ ಉಳಿಯುವುದಿಲ್ಲ. ಮೇಷ್ಟ್ರನ್ನು ಕೇಳುವುದು ಚೆನ್ನಾಗಿರುವುದಿಲ್ಲ. ಇವಳು ಒಳಗಿನಿಂದಲೇ ಅಂದಳು: "ನಾನು ಕೂತ್ಕೋತೀನಿ. ಮದುವೇಲಿ ಮೆರವಣಿಗೆ ಮಾಡ್ಸಿಲ್ಲ ನೀವು. ಇದಾದ್ರೂ ಆಗ್ಲಿ."

ಮಾರ್ಚ್ 22, ಶನಿವಾರ

ಬರೆಯಲು ಆಗುತ್ತಿಲ್ಲ. ಆಸ್ಪತ್ರೆಯ ಬೆಂಚು. ಒಳಗೆ ಬಿಡುತ್ತಿಲ್ಲ.

ಮಾರ್ಚ್ 24, ಸೋಮವಾರ

ಬರೆದಿಡಬೇಕು.

ಶನಿವಾರ ಹನ್ನೊಂದು ಗಂಟೆಗೆ ಆ ಮನೆಯಲ್ಲಿ ಎಲ್ಲರೂ ಸೇರಿದೆವು. ಇವಳು ಎರಡು ಮಹಡಿ ಹತ್ತಿದಳು, ಹತ್ತುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಳು. ನಾನು ಮುಂದೆ ಹೋಗಿ ತಿರುವಿನಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತಿದ್ದೆ. ಬೇಗ ಬಾ ಎಂದು ಕೂಗಿದೆ ಕೂಡ. ಮೇಷ್ಟ್ರ ಬಾಗಿಲಲ್ಲಿ ಕುರ್ಚಿಗೆ ಕೂರಿಸಿ ಪಟ್ಟಿ ಕಟ್ಟಿದೆವು. ಕಂಬ ತಲೆಯ ಕಡೆ, ನಾನು ಕಾಲಿನ ಕಡೆ. ಮೇಷ್ಟ್ರು, "ದೊರೆಸಾನಿ ಸವಾರಿ ಹೊರಟಿತು," ಎಂದು ಚಪ್ಪಾಳೆ ತಟ್ಟಿದರು. ಇವಳು ನಗಲಿಲ್ಲ. ಅದೂ ನನಗೆ ಗೊತ್ತಾಗಲಿಲ್ಲ.

ಆರು ಮೆಟ್ಟಿಲು ಸಲೀಸಾಗಿ ಬಂತು. ತಿರುವಿನಲ್ಲಿ ಕುರ್ಚಿ ಕಚ್ಚಿಕೊಂಡಿತು. ಎತ್ತಿದೆ, ಓರೆ ಮಾಡಿದೆ, ಒತ್ತಿದೆ. ಇನ್ನೊಂದು ಇಂಚು, ಇನ್ನೊಂದೇ ಇಂಚು ಎಂದು ಗೋಡೆಯನ್ನೇ ನೋಡುತ್ತಿದ್ದೆ.

"ಅಣ್ಣ," ಅಂದ ಕಂಬ. ಇಪ್ಪತ್ತು ವರ್ಷ ಕೇಳಿದ ದನಿ. ಆ ದನಿ ಅವನು ಯಾವಾಗ ತೆಗೆಯುತ್ತಾನೆ ಎಂದು ನನಗೆ ಗೊತ್ತು. "ಅಣ್ಣ, ಗೋಡೆ ಬಿಡು. ಅತ್ತಿಗೆ ಮುಖ ನೋಡು."

ನೋಡಿದೆ. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಹಣೆಯಲ್ಲಿ ಬೆವರು ಹನಿಹನಿಯಾಗಿ ನಿಂತಿತ್ತು. ದವಡೆ ಬಿಗಿಹಿಡಿದು, ಎಡಗೈಯನ್ನು ಎದೆಗೆ ಒತ್ತಿಕೊಂಡಿದ್ದಳು. ಇಂಥ ಮುಖ ನಾನು ನೋಡದಿದ್ದರೂ ಎಷ್ಟು ಸಲ ಹೊತ್ತಿದ್ದೇನೆ!

"ಅತ್ತಿಗೆ, ಎಷ್ಟು ದಿನದಿಂದ ಹೀಗೆ?" ಕಂಬ ಕೇಳಿದ.

"ಒಂದು ತಿಂಗಳಾಯ್ತು," ಅಂದಳು. ಆಮೇಲೆ ನನ್ನ ಕಡೆ ನೋಡಿ, "ನೀವು ಹೆದರ್ಕೋತೀರ ಅಂತ ಹೇಳ್ಲಿಲ್ಲ."

ನನ್ನ ಹಿಡಿತ ತಪ್ಪಿ ಕುರ್ಚಿ ಜಾರಿತು. ಕಂಬ ಗದರಿದ. "ಕುರ್ಚಿ ಬಿಡು! ಗಟ್ಟಿ ಬಟ್ಟೆ ಯಾರಾದ್ರೂ ತನ್ನಿ!" ಹೊಲಿಗೆಯಾಕೆ ಯಾರದೋ ಮನೆಗೆಂದು ಹೊಲಿಯುತ್ತಿದ್ದ ದಪ್ಪ ಪರದೆಯನ್ನು ಸೂಜಿ ಸಮೇತ ಎಳೆದುಕೊಂಡು ಓಡಿಬಂದಳು. ಪಟ್ಟಿ ಬಿಚ್ಚಿ, ಇವಳನ್ನು ಪರದೆಯೊಳಗೆ ಇಳಿಸಿ, ನಾಲ್ಕು ಮೂಲೆ ನಾಲ್ಕು ಜನ ಹಿಡಿದೆವು. ಕಂಬ, ನಾನು, ಮೈದುನ, ಹೊಲಿಗೆಯಾಕೆ. ಮೈದುನ "ಅಕ್ಕಾ, ಅಕ್ಕಾ" ಎಂದು ಮಗುವಿನ ಹಾಗೆ ಅಳುತ್ತಿದ್ದ. ಆ ಸಂದಿನಲ್ಲಿ ಅವನು ಹೇಗೆ ತೂರಿದನೋ ತಿಳಿಯದು, ಮೊಣಕೈ ಚರ್ಮ ಪೂರ್ತಿ ಕಿತ್ತುಹೋಗಿದೆ. ಅವನ ಸಾಮಾನಿನ ಗಾಡಿಯಲ್ಲಿ, ಬಣ್ಣದ ಡಬ್ಬಿಗಳ ನಡುವೆ ಮಲಗಿಸಿ ತಂದೆವು. ದಾರಿಯುದ್ದಕ್ಕೂ ನಾನು ಅವಳ ಮುಖವನ್ನೇ ನೋಡಿದೆ. ಅಷ್ಟು ಭಯ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಹೃದಯದ ರಕ್ತನಾಳ ಕಟ್ಟಿಕೊಂಡಿತ್ತಂತೆ. ಬಿಡಿಸಿದ್ದಾರೆ. ಕಾಲು ಗಂಟೆ ತಡವಾಗಿದ್ದರೆ, ಎಂದು ಡಾಕ್ಟರು ಶುರು ಮಾಡಿದರು. ಮುಂದೆ ಹೇಳಬೇಡಿ ಎಂದು ಕೈಮುಗಿದೆ.

ಇವತ್ತು ಮುಂಗಡ ಕೊಡಬೇಕಿದ್ದ ದಿನ. ಯಾರೂ ಆ ಮಾತೆತ್ತಲಿಲ್ಲ.

ಮಾರ್ಚ್ 28, ಶುಕ್ರವಾರ

ವಾರ್ಡಿಗೆ ಹಾಕಿದ್ದಾರೆ. ಗಂಜಿ ಕುಡಿದಳು. ಮೈದುನ ಹಾಸಿಗೆಯ ಪಕ್ಕ ನಿಂತು, "ಅಕ್ಕ, ಆ ದರಿದ್ರ ಮನೆ ಬೇಡ. ದಲ್ಲಾಳಿಗೆ ಹೇಳ್ಬಿಡ್ತೀನಿ," ಅಂದ. ನನಗೆ ದೊಡ್ಡ ಭಾರ ಇಳಿದ ಹಾಗಾಯಿತು.

ಇವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. "ನಾವು ಬಿಟ್ರೆ ಆ ಇನ್ನೊಬ್ಬ ಗಿರಾಕಿ ತಗೋತಾನಾ?"

"ತಗೋತಾನೆ," ಅಂದ ಮೈದುನ.

"ಅವನು ಆ ಮೆಟ್ಟಿಲು ತೆರೀತಾನಾ?"

ಮೈದುನ ನನ್ನ ಕಡೆ ತಿರುಗಿದ.

"ಮೇಷ್ಟ್ರು ಅಲ್ಲೇ ಇರ್ತಾರೆ," ಅಂದಳು. ಅಷ್ಟು ಹೇಳುವುದಕ್ಕೇ ಉಸಿರು ಮೇಲೆ ಕೆಳಗೆ ಆಯಿತು. ನಾನು ಆ ಉಸಿರು ಎಣಿಸುತ್ತಾ ಕೂತೆ.

ಏಪ್ರಿಲ್ 2, ಬುಧವಾರ

ಹೊಲಿಗೆಯಾಕೆಗೆ ಪರದೆ ತೊಳೆದು ಕೊಡಲು ಹೋದೆ. ತಿರುವಿನಲ್ಲಿ ಟೇಪು ಹಿಡಿದೆ. ಇಪ್ಪತ್ತೊಂಬತ್ತು. ಮೊದಲ ದಿನ ಬರೆದದ್ದೇ ಸರಿ.

ಮನೆ ಕೊಂಡು ಹಿಂದಿನ ಮೆಟ್ಟಿಲು ತೆರೆಯುತ್ತೇವೆ ಎಂದು ಆಕೆಗೆ ಹೇಗೆ ಹೇಳುವುದೆಂದು ತಡವರಿಸಿದೆ. ಆಕೆಯೇ ಅಂದಳು: "ಗೊತ್ತಾಯ್ತಣ್ಣ. ಅವತ್ತು ಅಕ್ಕನ್ನ ಹೊತ್ಕೊಂಡು ಇಳಿಯೋವಾಗ್ಲೇ ಅಂದ್ಕೊಂಡೆ, ನಾನು ಮಲಗೋದು ಎಲ್ಲರ ದಾರಿ ಮೇಲೆ ಅಂತ. ಆದ್ರೆ ನಾನೆಲ್ಲಿ ಹೋಗ್ಲಿ?"

ಬಿಡಿಸುವುದಿಲ್ಲ ಎಂದು ಮಾತು ಕೊಟ್ಟವನು ನಾನು. ಹಿಂದೆಯೇ ಬಂದಿದ್ದ ಮೈದುನ ಮುಂದೆ ಬಂದ. "ಕೆಳಗೆ ಶಟರ್ ಮಳಿಗೆ ಇದೆ. ನನ್ನ ಡಬ್ಬಿ ಅಂಗಡೀಲೇ ಇರ್ಲಿ, ಅವಕ್ಕೇನು ಗಾಳಿ ಬೇಕಾ ಬೆಳಕು ಬೇಕಾ?"

"ನಂಗೆ ಬೇಕಲ್ಲ," ಅಂದಳು ಆಕೆ. "ಅದಕ್ಕೆ ಕಿಟಕೀನೇ ಇಲ್ಲ."

ಮೂವರೂ ಕೆಳಗೆ ಹೋದೆವು. ಎಲ್ಲಿ ಬೇಕೋ ತೋರಿಸಮ್ಮ ಎಂದೆ. ಆಕೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು, ಪಕ್ಕದ ಗೋಡೆಯ ಮೇಲೆ ತಾನು ಕೂತು ಹೊಲಿಯುವ ಎತ್ತರಕ್ಕೆ ಒಂದು ಚೌಕ ಎಳೆದಳು. ಟೇಪು ಕೊಟ್ಟೆ. ಬೇಡ ಎಂದಳು.

ಏಪ್ರಿಲ್ 9, ಬುಧವಾರ

ಮುಂಗಡ ಕೊಟ್ಟೆವು. ಮೆಟ್ಟಿಲು ತೆರೆಯುವ ಖರ್ಚು ತೋರಿಸಿ ಮೈದುನ ಬೆಲೆ ಸ್ವಲ್ಪ ಇಳಿಸಿದ. ಆ ಇನ್ನೊಬ್ಬ ಗಿರಾಕಿ ಮಾಲೀಕರ ಕಣ್ಣಿಗೂ ಬಿದ್ದಿರಲಿಲ್ಲವಂತೆ. ದಲ್ಲಾಳಿ ಮೂಗು ಮುರಿದ. "ದುಡಿಯೋ ಜಾಗಾನ ಕೈಯಾರೆ ಕೆಡವೋರನ್ನ ನಾನೆಲ್ಲೂ ನೋಡಿಲ್ಲ ಸಾರ್." ನಾನೂ ನೋಡಿರಲಿಲ್ಲ. ಬರುವ ಬಾಡಿಗೆ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ. ಸಾಕಾಗುತ್ತದೋ ಇಲ್ಲವೋ ಗೊತ್ತಿಲ್ಲ. ಮನೆಗೆ ಬಂದು ಇವಳಿಗೆ ಹೇಳಿದೆ. "ಹೆದರಿಕೆ ಆಗ್ತಿದೆ ಕಣೇ," ಅಂದೆ. "ನನಗೂ," ಅಂದಳು. ಮೂವತ್ತು ವರ್ಷದಲ್ಲಿ ಇಬ್ಬರೂ ಒಟ್ಟಿಗೆ ಹೀಗೆ ಅಂದದ್ದು ನೆನಪಿಲ್ಲ.

ಏಪ್ರಿಲ್ 20, ಭಾನುವಾರ

ನೋಂದಣಿ ಮುಗಿದು, ಹೊಲಿಗೆಯಾಕೆ ಕಿಟಕಿ ಇಟ್ಟ ಮಳಿಗೆಗೆ ಇಳಿದ ಮೇಲೆ ಇವತ್ತು ಹಲಗೆ ಕಿತ್ತರು. ಧೂಳಿನೊಳಗಿಂದ ಮೆಟ್ಟಿಲು ಒಂದೊಂದಾಗಿ ಕಾಣಿಸಿತು, ಅಂಚು ಕೂಡ ಸವೆದಿಲ್ಲ. ಮೇಷ್ಟ್ರು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲಕ್ಕೆ ಮೂರು ಸಲ ಓಡಾಡಿ, "ಇದರಲ್ಲಿ ನನ್ನನ್ನ ಹೊತ್ಕೊಂಡು ಹೋಗ್ಬೇಕಾದ್ರೆ ಇನ್ನೂ ಇಪ್ಪತ್ತು ವರ್ಷ ಕಾಯ್ಬೇಕು," ಅಂದರು. ಆ ಸದ್ದಿನಲ್ಲಿಯೂ ನಾನು ಅವರ ತುಟಿಯ ಬಣ್ಣ ನೋಡುತ್ತಿದ್ದೆ. ಚೆನ್ನಾಗಿತ್ತು.

ಎಷ್ಟು ಅಗಲ ಇದೆ ಎಂದು ಮೇಸ್ತ್ರಿ ಕೇಳಿದರು. ಜೇಬಿಗೆ ಕೈಹಾಕಿದೆ. ಟೇಪು ಮನೆಯಲ್ಲೇ ಉಳಿದಿತ್ತು. ಎರಡು ಮೂರು ದಿನದಿಂದ ಅಲ್ಲೇ ಇದ್ದಿರಬೇಕು.

ಇವಳು ಈಗ ಅಡುಗೆಮನೆಗೆ ಹೋಗುವಷ್ಟಾಗಿದ್ದಾಳೆ. ಇಲ್ಲಿಯವರೆಗೆ ಬರೆಯುವಷ್ಟರಲ್ಲಿ ಒಳಗೆ ಕೆಮ್ಮಿದಳು. ಪೆನ್ನು ಬಿಟ್ಟು ಓಡಿದೆ. ಅವಳು ತಿರುಗಿ ನಿಂತು, ನಾನು ಕೇಳುವ ಮೊದಲೇ, ಮುಖವನ್ನು ಬೆಳಕಿಗೆ ಹಿಡಿದು ತೋರಿಸಿದಳು. ಏನಿಲ್ಲ, ಮೆಣಸಿನಕಾಯಿ ಘಾಟು.